ಎಲ್ಲದಕ್ಕೂ ಇಲ್ಲ ಅಂದವನು

ವುಯಿಸಿಲೆಯ ಎಡಗೈ ನೋಡುವವರ ಕಣ್ಣಿಗೆ ನೆಟ್ಟಗೇ ಇತ್ತು. ಅದೇ ಅವನ ಹಣೆಬರಹ. ಬೆರಳು ಹೋಗಿದ್ದರೆ, ಇಲ್ಲವೇ ಮೊಣಕೈ ಸೊಟ್ಟಗಾಗಿದ್ದರೆ ಊರು ಮರುಗುತ್ತಿತ್ತು. ಚಿನ್ನದ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರ್ ಕೆಳಗೆ, ಬಂಡೆ ಜಾರಿ ಆ ಕೈಯನ್ನು ಗೋಡೆಗೆ ಅದುಮಿದಾಗ ಪಕ್ಕದಲ್ಲಿದ್ದವನು ನಾನು. ಹಾರೆ ಹಾಕಿ ಬಂಡೆ ಎಬ್ಬಿಸಿದವನೂ ನಾನೇ. ಮೂಳೆ ಕೂಡಿತು, ತೊಗಲು ಮಾಯಿತು. ಒಳಗೆ ಜಜ್ಜಿದ ನರ ಮಾತ್ರ ಮಾಯಲಿಲ್ಲ. ಅಂಗಿಯ ತೋಳು ತಾಗಿದರೂ ಕಾದ ಹೆಂಚು ಇಟ್ಟ ಹಾಗೆ. ಮುಂದೆ ಊರಿನಲ್ಲಿ ಸಮುದ್ರದ ಕಡೆಯಿಂದ ಗಾಳಿ ಎದ್ದರೆ ಕೈಯನ್ನು ಎದೆಗೆ ಅವುಚಿಕೊಂಡು ಗೋಡೆಯ ಮರೆಗೆ ಹೋಗಿಬಿಡುತ್ತಿದ್ದ. ಗಣಿಯ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ‘ಗುಣವಾಗಿದೆ’ ಎಂದು ಬರೆದರು. ಇಪ್ಪತ್ತೆರಡು ವರ್ಷ ಡ್ರಿಲ್ ಹಿಡಿದ ಮನುಷ್ಯ ಕೆಲಸ ಬಿಟ್ಟು ಕಡಲಂಚಿನ ಪೊಂಡೊಲ್ಯಾಂಡಿನ ನಮ್ಮ ಬೆಟ್ಟದ ಊರಿಗೆ ಬಂದು ಕೂತ. ಆಮೇಲೆ ನಾನೂ ಗಣಿ ಬಿಟ್ಟು ಬಂದೆ.

ನಮ್ಮಲ್ಲಿ ಒಬ್ಬರ ಮೆಕ್ಕೆಜೋಳದ ಹೊಲಕ್ಕೆ ಕಳೆ ತೆಗೆಯಲು ಇಡೀ ಊರು ಹೋಗುತ್ತದೆ. ಸಂಜೆ ಹೊಲದವರು ಮನೆಯಲ್ಲೇ ಹುಳಿಸಿದ ಜೋಳದ ಬಿಯರ್ ಕೊಡುತ್ತಾರೆ. ತಗಡಿನ ಡಬ್ಬಿ ಕೈಯಿಂದ ಕೈಗೆ ದಾಟುತ್ತದೆ. ಗುದ್ದಲಿ ಮುಟ್ಟದವನಿಗೂ ಬರುತ್ತದೆ, ಆದರೆ ಕಟ್ಟಕಡೆಗೆ, ತಳದಲ್ಲಿ ಗಸಿ ಉಳಿದಾಗ. ಏಳು ವರ್ಷ ವುಯಿಸಿಲೆ ಕುಡಿದದ್ದು ಬರೀ ಗಸಿ.

“ನ್ಯಾವುಜಾ, ನಿಮ್ಮ ಕೈ ಗುದ್ದಲಿ ಕಂಡ್ರೆ ಮಾತ್ರ ನೋಯುತ್ತಲ್ಲ. ಡಬ್ಬಿ ಕಂಡ್ರೆ ಅದ್ಹೇಗೆ ಸುಮ್ಮನಿರುತ್ತೆ?” ಎಂದ ಒಂದು ಸಲ ಊರಿನವನೇ ಆದ ಡುಮಿಲೆ. ನ್ಯಾವುಜಾ ಎಂಬುದು ವುಯಿಸಿಲೆಯ ಕುಲದ ಹೆಸರು. ಗೌರವಕ್ಕೆ ಕರೆಯುವ ಹೆಸರಿನಲ್ಲೇ ಚುಚ್ಚಿದನಲ್ಲ ಎಂದು ನನಗೆ ನೆತ್ತಿಗೇರಿತು. ಬಿಯರನ್ನು ಅವನ ಮೋರೆಗೆ ಎರಚಿದೆ. ವುಯಿಸಿಲೆ ಬಲಗೈಯಿಂದ ನನ್ನ ಭುಜ ಒತ್ತಿ ಕೂರಿಸಿದ. ಅವನು ಅಂಥವನು.

ಅವನ ಹೆಂಡತಿ ಮಾಭೇಲೆ ಕೆಟ್ಟವಳಲ್ಲ. ಅವಳೂ ಸೋತಿದ್ದಳು. ಒಂದು ದಿನ ನನ್ನೆದುರಿಗೇ ಕೇಳಿದಳು: “ನ್ಯಾವುಜಾ, ನೋಯ್ತಿದೆಯಾ ಅಂದ್ರೆ ಇಲ್ಲ ಅಂತೀರಿ. ಗುದ್ದಲಿ ಕೊಟ್ರೆ ಗೋಡೆ ಕಡೆ ತಿರುಗ್ತೀರಿ. ಮುಟ್ಟೋಕೆ ಬಂದ್ರೆ ಕೈ ಕಿತ್ಕೊಂಡು ಹೋಗ್ತೀರಿ. ನಾನು ಯಾವುದನ್ನ ನಂಬ್ಲಿ?”

“ಏನೂ ಇಲ್ಲ ಬಿಡು,” ಎಂದ ಅವನು.

ಡರ್ಬನ್ನಿನ ದೊಡ್ಡ ಆಸ್ಪತ್ರೆಯಲ್ಲಿ ನರದ ನೋವಿರುವವರ ಮಿದುಳಿನ ಚಿತ್ರ ತೆಗೆದು ಸಂಶೋಧನೆ ಮಾಡುತ್ತಾರೆ ಎಂದು ಕ್ಲಿನಿಕ್ಕಿನ ನರ್ಸಮ್ಮ ಹೇಳಿದ ದಿನ ವುಯಿಸಿಲೆ ನಮ್ಮ ಮನೆತನಕ ನಡೆದು ಬಂದ. ನನ್ನನ್ನೂ ಕುಲದ ಹೆಸರಿನಿಂದಲೇ ಕರೆಯುತ್ತಿದ್ದ. “ತೋಲೊ, ನೋವಿನ ಫೋಟೋ ತೆಗೀತಾರಂತೆ. ಒಂದು ಪ್ರತಿ ಕೇಳಿ ತಂದು ಗೋಡೆಗೆ ಹಾಕ್ತೀನಿ. ಮಾಭೇಲೆ ನೋಡ್ಲಿ.” ಅವನು ಇಷ್ಟು ಆಸೆಪಟ್ಟು ಮಾತಾಡಿದ್ದನ್ನು ನಾನು ವರ್ಷಗಳಿಂದ ಕೇಳಿರಲಿಲ್ಲ.

ಮಾಭೇಲೆಯೂ ಸೇರಿ ಮೂವರೂ ಬೆಳಗಿನ ಟ್ಯಾಕ್ಸಿ ಹಿಡಿದು ಹೋದೆವು. ಅಲ್ಲಿದ್ದವರು ಡಾಕ್ಟರ್ ಶೆಜಿ, ನಮ್ಮ ಮಗಳ ವಯಸ್ಸಿನ ಹೆಂಗಸು. ಯಂತ್ರದೊಳಗೆ ಮಲಗಿಸಿ ಮೆತ್ತನೆಯ ಕುಂಚದಿಂದ ಕೈ ಸವರುತ್ತೇವೆ, ಆಗ ಮಿದುಳಿನ ಯಾವ ಕಡೆ ರಕ್ತ ಹೆಚ್ಚು ಹರಿಯುತ್ತದೆ ಎಂದು ಯಂತ್ರ ತೋರಿಸುತ್ತದೆ ಎಂದರು. ಅದೊಂದು ಭಾರಿ ಅಯಸ್ಕಾಂತ, ಕಬ್ಬಿಣ ಕಂಡರೆ ಎಳೆಯುತ್ತದೆ ಎಂದೂ ಹೇಳಿ ಒಂದು ಹಾಳೆ ತೆಗೆದರು.

“ಹೃದಯಕ್ಕೆ ಮಿಷಿನ್ ಹಾಕ್ಸಿದೀರಾ, ಅಪ್ಪಾ?”

“ಇಲ್ಲ.”

“ಮೈಯಲ್ಲಿ ಗುಂಡು, ಲೋಹದ ಚೂರು?”

“ಇಲ್ಲ.”

“ಯಾವತ್ತಾದ್ರೂ ಕಣ್ಣಿಗೆ ಕಬ್ಬಿಣದ ಚೂರು ಸಿಡಿದಿತ್ತಾ?”

“ಇಲ್ಲ.”

ಆ ದನಿ ನನಗೆ ಗೊತ್ತಿತ್ತು. ಗಣಿಯಲ್ಲಿ ವರ್ಷಕ್ಕೊಮ್ಮೆ ಮೈ ತಪಾಸಣೆ. ಕೆಮ್ಮಿದೆಯಾ, ತಲೆ ಸುತ್ತುತ್ತದೆಯಾ ಎಂದು ಕೇಳುತ್ತಾರೆ. ಒಂದಕ್ಕೆ ಹೌದು ಅಂದರೆ ಮರುದಿನವೇ ಊರಿನ ಬಸ್ಸು. ಸಾಲಿನಲ್ಲಿ ನಿಂತ ಹಿರಿಯರು ಹೊಸಬರಿಗೆ ಕಲಿಸುತ್ತಿದ್ದ ಮೊದಲ ಪಾಠ: ಬಿಳಿ ಕೋಟು ಏನೇ ಕೇಳಲಿ, ಇಲ್ಲ ಅನ್ನು. ನನಗೆ ಅದನ್ನು ಕಲಿಸಿದವನು ವುಯಿಸಿಲೆಯೇ. ಸಿಕ್ಕಿಕೊಂಡ ಡ್ರಿಲ್ಲಿನ ಸಲಾಕೆಯನ್ನು ಸುತ್ತಿಗೆಯಿಂದ ಬಡಿಯುವಾಗ ಉಕ್ಕಿನ ಚೂರು ಸಿಡಿದು ಅವನ ಬಲಗಣ್ಣಿಗೆ ಹೊಕ್ಕಿತ್ತು. ಆಗಲೂ ಅವನು ಮೇಲೆ ಹೋಗಿ ಯಾರಿಗೂ ಹೇಳಲಿಲ್ಲ. ಹೆಲ್ಮೆಟ್ಟಿನ ದೀಪದಲ್ಲಿ ಬೆಂಕಿಕಡ್ಡಿಯ ತುದಿಯಿಂದ ಕೆದಕಿದವನು ನಾನು.

ಈಗ ಅವನು ಬೆಲ್ಟು ಬಿಚ್ಚುತ್ತ ನನ್ನ ಕಡೆ ನೋಡಿದ. ಸುಮ್ಮನಿರು ಎಂಬ ನೋಟ. ಒಂದು ಗಳಿಗೆ ಸುಮ್ಮನಿದ್ದೆ ಕೂಡ. ಏಳು ವರ್ಷದ ಗಸಿ ನೆನಪಾಗಿತ್ತು. ಅವನು ಯಂತ್ರದ ಬಾಗಿಲ ಕಡೆ ಹೆಜ್ಜೆ ಇಟ್ಟಾಗ ನನ್ನ ಬಾಯಿ ತಾನಾಗಿ ತೆರೆಯಿತು.

“ಡಾಕ್ಟ್ರೇ, ಸುಳ್ಳು ಹೇಳ್ತಿದಾನೆ. ಬಲಗಣ್ಣಲ್ಲಿ ಚೂರಿದೆ. ನಾನು ತೆಗೆಯೋಕೆ ಹೋಗಿದ್ದೆ, ಅರ್ಧ ಬಂತು.”

“ತೋಲೊ, ಬಾಯಿ ಮುಚ್ಚು.”

“ಮುಚ್ಚಲ್ಲ. ಕೈ ಹೋಗಿದ್ದು ಸಾಲದಾ? ಒಂದು ಫೋಟೋಗೆ ಕಣ್ಣೂ ಕೊಡ್ತೀಯಾ?”

ಕಣ್ಣಿನ ಎಕ್ಸ್‌ರೇ ತೆಗೆದರು. ರಾಗಿ ಕಾಳಿಗಿಂತ ಸಣ್ಣ ಬಿಳಿ ಚುಕ್ಕೆ ಅಲ್ಲಿ ಕೂತಿತ್ತು. ಡಾಕ್ಟರು ಅದರ ಮೇಲೆ ಬೆರಳಿಟ್ಟರು. “ಒಳಗೆ ಹೋಗಿದ್ರೆ ಇದು ಅಲುಗಿ ಕಣ್ಣು ಸೀಳ್ತಿತ್ತು. ಈ ಮಿಷಿನ್ ನಿಮಗೆ ಆಗಲ್ಲ, ಅಪ್ಪಾ.”

ವುಯಿಸಿಲೆ ಬೆಲ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತ. “ಹಾಗಾದ್ರೆ ನನ್ನ ನೋವಿಗೆ ಸಾಕ್ಷಿ ಇಲ್ಲ.”

“ಚಿತ್ರ ಸಿಕ್ಕಿದ್ರೂ ನಿಮ್ಮೊಬ್ಬರ ನೋವು ಇಷ್ಟು ಅಂತ ಅದು ಹೇಳ್ತಿರಲಿಲ್ಲ,” ಎಂದರು ಡಾಕ್ಟರು. “ಎಷ್ಟೋ ಜನರ ಚಿತ್ರ ಒಟ್ಟಿಗಿಟ್ಟು ನೋಡ್ತೀವಿ ನಾವು. ಒಬ್ಬರ ನೋವು ತಿಳಿಯೋಕೆ ಇವತ್ತಿಗೂ ಅವರನ್ನೇ ಕೇಳ್ಬೇಕು. ನೀವು ನೋಡಿದ್ರೆ ಎಲ್ಲಕ್ಕೂ ಇಲ್ಲ ಅಂತೀರಿ.”

ಅವರು ಬೇರೆ ಹಾಳೆ ತೆಗೆದರು. “ಉರಿಯುತ್ತಾ?”

ಅವನು ಗೋಡೆ ನೋಡಿದ. ನಾನು ನನ್ನ ಬೂಟು ನೋಡಿಕೊಂಡೆ. ಮಾಭೇಲೆ ಅವನ ಎಡಕ್ಕಿದ್ದ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದಳು.

“ಉರಿಯುತ್ತೆ,” ಎಂದ.

“ಬಟ್ಟೆ ತಾಗಿದ್ರೆ?”

“ಹೌದು.”

“ಯಾರಾದ್ರೂ ಮುಟ್ಟಿದ್ರೆ?”

“ಹೌದು.” ಆಮೇಲೆ ತಲೆ ಎತ್ತದೆ, “ಇವಳು ಮುಟ್ಟಿದ್ರೂ. ಇವಳು ಮೆತ್ತಗೆ ಮುಟ್ತಾಳೆ, ಅದು ಇನ್ನೂ ತಡೆಯಕ್ಕಾಗಲ್ಲ.”

ಮಾಭೇಲೆ ಆ ಎಡಗಡೆಯ ಕುರ್ಚಿಯಿಂದ ಎದ್ದಳು, ಅದನ್ನು ಎಳೆದು ಅವನ ಬಲಕ್ಕೆ ಹಾಕಿಕೊಂಡು ಕೂತಳು.

ಮಾತ್ರೆ ಬರೆದುಕೊಟ್ಟರು. ಉರಿ ಒಂದಿಷ್ಟು ತಗ್ಗಿತು, ಹೋಗಲಿಲ್ಲ. ವುಯಿಸಿಲೆ ನನ್ನ ಜೊತೆ ಎರಡು ತಿಂಗಳು ಮಾತು ಬಿಟ್ಟ. ಗೋಡೆಯ ಮೇಲೆ ಯಾವ ಚಿತ್ರವೂ ಬರಲಿಲ್ಲ.

ಆ ಎರಡನೆಯ ತಿಂಗಳ ಕೊನೆಗೆ ಕಳೆ ತೆಗೆಯುವ ಕಾಲ ಬಂದು ಎಲ್ಲರೂ ನನ್ನ ಹೊಲಕ್ಕೆ ಬಂದರು. ಸಂಜೆ ಡುಮಿಲೆ ಬಾಯಿ ತೆರೆದ. “ಡರ್ಬನ್‌ಗೆ ಹೋಗಿಬಂದ್ರಂತಲ್ಲ ನ್ಯಾವುಜಾ, ನೋವಿನ ಫೋಟೋ ಎಲ್ಲಿ?” ನಾನು ಏಳುವಷ್ಟರಲ್ಲಿ ಹೆಂಗಸರ ಕಡೆಯಿಂದ ಮಾಭೇಲೆಯ ದನಿ ಬಂತು.

“ಫೋಟೋ ಇಲ್ಲ ಡುಮಿಲೆ. ನನ್ನ ಕೇಳಪ್ಪ, ಹೇಳ್ತೀನಿ. ಎಲ್ಲಿಂದ ಎಲ್ಲಿವರೆಗೆ ಉರಿಯುತ್ತೆ, ಯಾವ ಗಾಳಿಗೆ ಏಳುತ್ತೆ, ಎಲ್ಲ ಗೊತ್ತು.”

ಡುಮಿಲೆ ಕೈಯಲ್ಲಿದ್ದುದನ್ನು ಪಕ್ಕದವನಿಗೆ ದಾಟಿಸಿದ. ಡಬ್ಬಿ ಆ ದಿನವೂ ವುಯಿಸಿಲೆಗೆ ಕೊನೆಗೇ ಬಂತು. ಅವನು ಬಲಗೈಯಲ್ಲಿ ಹಿಡಿದು ಒಂದು ಗುಟುಕು ಕುಡಿದ, ತಳದಲ್ಲಿ ಉಳಿದದ್ದನ್ನು ನನಗೆ ಚಾಚಿದ.

“ಹಿಡಿ, ತೋಲೊ.”