ಮೊಮ್ಮಗಳ ಕಾರಿನ ಲೈಟಿಗೆ ಫಿಲ್ಮ್

ಮೊಮ್ಮಗಳು ಸುರಪುರದಲ್ಲಿ ಬಾಡಿಗೆಗೆ ಖೋಲಿ ಹಿಡಿಯುವುದಿಲ್ಲ. ದಿನಾಲೂ ಸಂಜೆ ಮನೆಗೇ ಬರುತ್ತಾಳೆ. ಇದನ್ನು ಮೊದಲು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಉಳಿದದ್ದು ಬರೆಯಲು ಕೈ ಓಡುವುದಿಲ್ಲ. ಮೂರನೇ ಕ್ಲಾಸಿಗೇ ಸಾಲಿ ಬಿಟ್ಟವನು ನಾನು. ಅಕ್ಷರ ಸೊಟ್ಟ ಬಿದ್ದರೂ ಸುದ್ದಿ ನೆಟ್ಟಗಿದೆ.

ನಮ್ಮ ಮನೆ ಭೀಮರಾಯನಗುಡಿಯಿಂದ ಮುಂದೆ, ಕಾಲುವೆ ಏರಿಯ ಕೆಳಗೆ. ಕಾಲುವೆಗೆ ನೀರು ಬಿಟ್ಟ ಹೊಸತರಲ್ಲಿ ನಾನು ಲಸ್ಕರ್ ಆಗಿದ್ದೆ, ಗೇಟು ಎತ್ತುವ ಇಳಿಸುವ ಕೆಲಸ. ಗೇಟಿನ ಪಕ್ಕದ ಚೌಕಿಯಲ್ಲಿ ಒಬ್ಬನೇ ಇರುತ್ತಿದ್ದೆ. ಆದರೆ ಆಗ ಬೆಳಗಾದರೆ ಯಾರಾದರೂ ರೈತ, ನೀರು ಬರಲಿಲ್ಲವೆಂದು ಬೈಯಲಿಕ್ಕಾದರೂ ಬರುತ್ತಿದ್ದ. ಈಗ ಬೈಯುವವರೂ ಇಲ್ಲ. ಮಗ ಗದ್ದೆಗೆ ಹೋಗುತ್ತಾನೆ, ಸೊಸೆ ಅಂಗನವಾಡಿಗೆ. ಹೆಂಡತಿ ತೀರಿಕೊಂಡ ಮೇಲಂತೂ ಮಧ್ಯಾಹ್ನ ನನ್ನ ಕೆಮ್ಮು ನನಗೇ ಜೋರಾಗಿ ಕೇಳುತ್ತದೆ.

ಸಂಜೆ ಮೊಮ್ಮಗಳು ಬಂದು ನನ್ನ ಹೊರಸಿನ ಮೇಲೆ ಕುಳಿತು, ಇವತ್ತು ಏನೇನಾಯಿತು ಎಂದು ಕೇಳುತ್ತಾಳೆ. ಕೇಳುತ್ತಾಳೆಂದೇ ನಾನು ದಿನವಿಡೀ ಒಂದೊಂದು ಸಂಗತಿ ಹೆಕ್ಕಿ ಇಟ್ಟುಕೊಳ್ಳುತ್ತೇನೆ. ಪಕ್ಕದ ಮನೆಯ ಆಡು ನಮ್ಮ ಕರಿಬೇವು ತಿಂದದ್ದು, ಕಾಲುವೆಯಲ್ಲಿ ಯಾರದೋ ಚಪ್ಪಲಿ ತೇಲಿಹೋದದ್ದು. ಏನೂ ಆಗದ ದಿನ ಹಳೆಯದೊಂದನ್ನು ಇವತ್ತಿನದೆಂದು ಹೇಳಿದ್ದೂ ಉಂಟು. ಅವಳಿಗೆ ಗೊತ್ತಾಗುತ್ತದೆ. ಆದರೂ ಕೇಳಿಸಿಕೊಳ್ಳುತ್ತಾಳೆ.

ಅವಳು ಸುರಪುರದ ಒಂದು ಆಫೀಸಿನಲ್ಲಿ ಗುಮಾಸ್ತೆ. ಆಫೀಸು ಬಿಡುವ ಹೊತ್ತಿಗೆ ನಮ್ಮ ಕಡೆಗೆ ಬಸ್ಸಿಲ್ಲವೆಂದು ಹಳೆಯದೊಂದು ಕಾರು ಕೊಂಡಿದ್ದಾಳೆ. ಹೋದ ಅಮಾವಾಸ್ಯೆಯ ಗಾಡಿಪೂಜೆಗೆ ಮುಂಚೆ ಸೊಸೆ, ದೇವರ ಮುಂದಿನ ಹಿತ್ತಾಳೆ ದೀಪಗಳನ್ನು ತಿಕ್ಕುವಂತೆಯೇ, ಕಾರಿನ ಹೆಡ್‌ಲೈಟಿಗೂ ಬೂದಿ ಹಚ್ಚಿ ತೆಂಗಿನ ನಾರಿನಿಂದ ತಿಕ್ಕಿದಳು. ಆಮೇಲೆ ವಿಭೂತಿ ಎಳೆದು ಕುಂಕುಮವಿಟ್ಟಳು. ಭಕ್ತಿಗೆ ಏನೂ ಕಡಿಮೆ ಇರಲಿಲ್ಲ. ಆದರೆ ಅದು ಗಾಜಲ್ಲ, ಪ್ಲಾಸ್ಟಿಕ್ಕು. ಗೀರು ಬಿದ್ದು ಮಬ್ಬಾಯಿತು. ಅದಾದ ಕೆಲವೇ ದಿನಕ್ಕೆ ಕತ್ತಲಾಗುವ ಹೊತ್ತಿನಲ್ಲಿ, ಹಿಂದೆ ಲೈಟಿಲ್ಲದ ಭತ್ತದ ಟ್ರ್ಯಾಕ್ಟರೊಂದು ತೀರ ಹತ್ತಿರವಾಗುವವರೆಗೂ ಅವಳ ಕಣ್ಣಿಗೆ ಬೀಳಲಿಲ್ಲ. ಬ್ರೇಕು ಒತ್ತಿ ಹೇಗೋ ಪಾರಾಗಿ ಮನೆಗೆ ಬಂದಳು.

ಗೆಳತಿಯ ಜೊತೆ ಸುರಪುರದಲ್ಲೇ ಖೋಲಿ ಹಿಡಿಯುತ್ತೇನೆ, ರವಿವಾರ ಬರುತ್ತೇನೆ ಎಂದಳು. ಜೀವಕ್ಕಿಂತ ಹೆಚ್ಚಿನದೇನಿದೆ, ಹಿಡಿ ಎಂದು ನಾನೇ ಹೇಳಿದೆ. ಹೇಳಿ ಹಿತ್ತಲಿಗೆ ಹೋಗಿ ಸುಮ್ಮನೆ ನಿಂತೆ.

ಯಾದಗಿರಿಯ ಮೆಕ್ಯಾನಿಕ್ ಪಾಲಿಶ್ ಮಾಡಿ ಲೈಟನ್ನು ತಿಳಿಯಾಗಿಸಿದ. ಆದರೆ ಪಾಲಿಶಿಗೆ ಮೇಲಿನ ಪದರ ಹೋಗಿದೆ, ಬಿಸಿಲು ತಡೆಯುವ ಫಿಲ್ಮಿನ ತೆಳು ಹಾಳೆ ಅಂಟಿಸದಿದ್ದರೆ ನಮ್ಮ ಕಡೆಯ ಬಿಸಿಲಿಗೆ ಬೇಗನೆ ಮತ್ತೆ ಮಬ್ಬಾಗುತ್ತದೆ ಎಂದನಂತೆ. ಮಗ ಬೇಡವೆಂದ. ಕರಿ ಫಿಲ್ಮ್ ಅಂಟಿಸಿಕೊಂಡು ಬೆಳಕೇ ಇಲ್ಲದೆ ತಿರುಗುವ ಗಾಡಿಗಳನ್ನು ಅವನು ಶಹಾಪುರದಲ್ಲಿ ಕಂಡಿದ್ದ. ಇದಕ್ಕೆ ಬಣ್ಣವಿಲ್ಲ ಎಂದು ಮೊಮ್ಮಗಳು ಹೇಳಿದಳಾದರೂ ಅವಳಿಗೂ ಪೂರ್ತಿ ಧೈರ್ಯವಿರಲಿಲ್ಲ. ಅಂಟಿಸಿದರೆ ಬೆಳಕು ಕಡಿಮೆಯಾದೀತು, ಬಿಟ್ಟರೆ ಮಬ್ಬಾದೀತು. ಯಾವುದಾದರೂ ಅವಳು ಸುರಪುರದಲ್ಲೇ ಉಳಿಯುವಳು. ಖೋಲಿಯ ಮಾಲೀಕರಿಗೆ ಗೆಳತಿಯ ಕೈಲಿ ಆ ಸಂಜೆಯೇ ಉತ್ತರ ಹೇಳಿಸಬೇಕಿತ್ತು.

ಮೆಕ್ಯಾನಿಕ್ ಕೊಟ್ಟ ಫಿಲ್ಮಿನ ತುಂಡೊಂದು ಅವಳ ಬಳಿ ಇತ್ತು. ಒಂದು ಲೈಟಿಗೆ ಹಚ್ಚಿ ನೋಡೋಣ ಎಂದೆ. ಮುಸ್ಸಂಜೆ ಕಾರನ್ನು ದನದ ಕೊಟ್ಟಿಗೆಯ ಗೋಡೆಗೆ ಮುಖ ಮಾಡಿ ನಿಲ್ಲಿಸಿ, ನೀರು ಚಿಮುಕಿಸಿ ತುಂಡನ್ನು ಒಂದು ಲೈಟಿಗೆ ಅಂಟಿಸಿದಳು. ಗೋಡೆಯ ಮೇಲೆ ಎರಡು ಬೆಳಕು ಬಿದ್ದವು. ನನಗೆ ಎರಡೂ ಒಂದೇ ಥರ ಕಂಡವು.

“ಮುತ್ಯಾ, ಹ್ಯಾಂಗ ಕಾಣ್ತದ?” ಎಂದು ಕಾರಿನೊಳಗಿಂದ ಕೇಳಿದಳು.

ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಮಬ್ಬಾಗಿದ್ದರೂ ನನ್ನ ಬಾಯಿ ಚಲೋ ಅದ ಎಂದೇ ಹೇಳುತ್ತಿತ್ತೇನೋ.

“ನನ್ನ ಕೇಳಬ್ಯಾಡವ್ವ. ನೀ ಮನ್ಯಾಗ ಇರಬೇಕಂತ ನನಗ ಆಸಿ ಅದ. ನಿಮ್ಮಪ್ಪನ ಕೇಳು.”

ಮಗ ಆಗಷ್ಟೇ ಗದ್ದೆಯಿಂದ ಬಂದ. ಯಾವ ಕಡೆ ಅಂಟಿಸಿದೆ ಎಂದು ಅವನಿಗೆ ಯಾರೂ ಹೇಳಲಿಲ್ಲ. ಗೋಡೆಯ ಹತ್ತಿರ ಹೋದ, ದೂರ ಬಂದ, ಕೂತು ನೋಡಿದ.

“ಇಷ್ಟೊತ್ತು ನೋಡಾಕತ್ತೀರಿ, ಕನ್ಯಾ ನೋಡಾಕ ಬಂದೀರೇನ್ರಿ?” ಎಂದಳು ಸೊಸೆ.

“ನೀ ಬೂದಿ ತಿಕ್ಕದಿದ್ರ ನಾ ಯಾಕ ಗ್ವಾಡಿ ನೋಡ್ತಿದ್ದೆ?” ಎಂದ ಮಗ. ಆಮೇಲೆ ಮಗಳ ಕಡೆ ತಿರುಗಿ, “ಯಾವ ಕಡಿ ಹಚ್ಚೀದಿ ನನಗ ತಿಳಿವಲ್ದು. ಹಚ್ಚಿಸಿಬಿಡು,” ಎಂದ.

ಮೊಮ್ಮಗಳು ಲೈಟು ಆರಿಸಿ ಅಲ್ಲೇ ನಿಂತು ಗೆಳತಿಗೆ ಫೋನು ಮಾಡಿ, ಖೋಲಿ ಬೇಡವೆಂದಳು. ನಾನು ಗೋಡೆಗೆ ಕೈಯೂರಿಕೊಂಡು ನಿಂತಿದ್ದೆ. ನಾಳೆ ಮಧ್ಯಾಹ್ನ ಮತ್ತೆ ಒಬ್ಬನೇ ಇರುತ್ತೇನೆ, ಅದು ಗೊತ್ತು. ಸಂಜೆಯೊಂದು ಉಳಿಯಿತಲ್ಲ.

ನಮ್ಮ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಉಣ್ಣುವುದು. ಅಂದು ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ ಇಟ್ಟುಕೊಂಡು ಎಲ್ಲರೂ ಒಟ್ಟಿಗೆ ಕೂತೆವು. ಒಲೆಯ ಮುಂದಿದ್ದ ಸೊಸೆಯನ್ನೂ ಮೊಮ್ಮಗಳು ಕೈಹಿಡಿದು ಎಬ್ಬಿಸಿ ತಂದು ಕೂಡಿಸಿದಳು. ಟ್ರ್ಯಾಕ್ಟರಿನ ಹಿಂದೆ ಸಾವಕಾಶ ಬಾ ಎಂದು ಮಗ ಹೇಳುತ್ತಲೇ ಇದ್ದ. ನನಗೆ ಎರಡು ರೊಟ್ಟಿಗೇ ಹೊಟ್ಟೆ ತುಂಬಿತ್ತು. ಯಾರೂ ಏಳಲಿಲ್ಲವೆಂದು ಇನ್ನೊಂದನ್ನು ಮುರಿದುಕೊಂಡೆ.