ಅತ್ತೆಯ ಕಿವಿಗೆ ಬಿದ್ದ ಕೂಗು

ಆ ಶನಿವಾರ ಅತ್ತೆಯ ಕಣ್ಣು ತೋರಿಸಲು ನಾವಿಬ್ಬರೂ ಗುಬ್ಬಿಯಿಂದ ತುಮಕೂರಿಗೆ ಬಂದಿದ್ದೆವು. ಅಲ್ಲೇ ನನಗೆ ಇನ್ನೊಂದು ಕೆಲಸವೂ ಇತ್ತು. ಕೋತಿ, ಮುಸುವಗಳ ಮೇಲೆ ಸಂಶೋಧನೆ ಮಾಡುವವರೂ ಅವುಗಳನ್ನು ಉಳಿಸಬೇಕೆನ್ನುವವರೂ ಕಾಲೇಜೊಂದರಲ್ಲಿ ಸೇರುತ್ತಿದ್ದರು. ನಾನು ವಿಜ್ಞಾನದ ಮೇಡಂ ಆದ್ದರಿಂದ ಶಾಲೆಯಿಂದ ನನ್ನನ್ನು ಕಳಿಸಿದ್ದರು. ಆಸ್ಪತ್ರೆಯಲ್ಲಿ ಅತ್ತೆಯ ಕಣ್ಣಿಗೆ ಡ್ರಾಪ್ಸ್ ಹಾಕಿ, ಸಂಜೆವರೆಗೂ ಎಲ್ಲ ಮಂಜಾಗಿ ಕಾಣುತ್ತದೆ ಎಂದರು. ಅವರನ್ನು ಒಬ್ಬರನ್ನೇ ಬಸ್ಸು ಹತ್ತಿಸುವ ಹಾಗಿರಲಿಲ್ಲ. ಕೈಹಿಡಿದು ಸಭೆಗೇ ಕರೆದುಕೊಂಡು ಹೋದೆ.

“ಕೋತಿ ಇಚಾರ ಕೇಳಾಕೆ ಇಷ್ಟೊಂದು ಜನ ಬಂದವ್ರಾ?” ಎಂದರು ಅತ್ತೆ, ಕುರ್ಚಿ ತಡವಿ ಕೂರುತ್ತಾ. “ನಮ್ಮ ತ್ವಾಟಕ್ಕೆ ಬಂದಿದ್ರೆ ಪುಕ್ಕಟೆ ಹೇಳ್ತಿದ್ದೆ.”

ತೋಟದಲ್ಲಿ ಅತ್ತೆಗೂ ಕೋತಿಗಳಿಗೂ ಜನ್ಮದ ಜಗಳ. ಅವು ಎಳನೀರು ಕಿತ್ತು, ಅರ್ಧ ಕುಡಿದು ಬಿಸಾಡುತ್ತಿದ್ದವು. ಇವರು ಕವಣೆ ಹಿಡಿದು, ಅವುಗಳ ವಂಶವನ್ನೆಲ್ಲ ಬೈಯುತ್ತಾ ಮರದಿಂದ ಮರಕ್ಕೆ ಓಡುತ್ತಿದ್ದರು.

ಪರದೆಗಳನ್ನು ಎಳೆದ ಹಾಲ್ ಕೆರೆಯ ತಳದಂತೆ ತಣ್ಣಗೆ, ಹಸಿರುಗಪ್ಪಾಗಿತ್ತು. ಫ್ಯಾನುಗಳು ಒಂದೇ ಸಮ ಗುನುಗುತ್ತಿದ್ದವು. ಯಾರೋ ರಸ್ತೆ ಬದಿಯ ಆಲದ ಮರಗಳ ಹಳೆಯ ಚಿತ್ರ ತೋರಿಸಿ, ಈಗ ಆ ಮರಗಳಿಲ್ಲ, ಅಲ್ಲಿದ್ದ ಕೋತಿಗಳೂ ಇಲ್ಲ ಎಂದರು. ನನ್ನ ತವರು ಕುಣಿಗಲ್ ಕಡೆ. ಚಿಕ್ಕವಳಿದ್ದಾಗ ಅಂಥದೇ ಮರಗಳ ನೆರಳಿನ ಕೆಳಗೆ ಬಸ್ಸಿನಲ್ಲಿ ಅಮ್ಮನ ತೊಡೆಯ ಮೇಲೆ ಮಲಗಿ, ರೆಪ್ಪೆಯ ಮೇಲೆ ಬಿಸಿಲು ನೆರಳು ಹಾಯುವುದನ್ನು ಅನುಭವಿಸುತ್ತಾ ಹೋಗುತ್ತಿದ್ದೆ. ಮಾತು ಎಲ್ಲೋ ದೂರದಲ್ಲಿ ಕೇಳುತ್ತಿತ್ತು. ನಾನು ನಿದ್ದೆಗೂ ಎಚ್ಚರಕ್ಕೂ ನಡುವೆ ತೇಲುತ್ತಿದ್ದೆ.

ಆಮೇಲೆ ಎದ್ದವಳು ಯಡಿಯೂರಿನ ಆಸುಪಾಸಿನ ಕೋತಿಗಳ ಹಿಂದೆ ಅಲೆದಿದ್ದ ಒಬ್ಬ ಹುಡುಗಿ. ಕೋತಿಗಳ ಕೂಗನ್ನು ರೆಕಾರ್ಡ್ ಮಾಡಿಕೊಂಡು ಬಂದಿದ್ದಳು. “ಇದು ಯಾವಾಗಿನ ಕೂಗು, ಯಾರಾದ್ರೂ ಹೇಳ್ತೀರಾ?” ಎಂದು ಒಂದನ್ನು ಕೇಳಿಸಿದಳು. ಒಣಗಿದ, ಗಡಸು ಕೂಗು. ಮತ್ತೆ ಮತ್ತೆ ಅದೇ.

ಅತ್ತೆ ನನ್ನ ಮುಂಗೈ ಗಟ್ಟಿಯಾಗಿ ಹಿಡಿದರು.

“ಚಿರತೆ ಬಂದೈತೆ!” ಎಂದು ಎದ್ದು ನಿಂತೇಬಿಟ್ಟರು. “ಇಲ್ಲೇ ಎಲ್ಲೋ ಐತೆ ಕಣೇ, ಏಳು!”

ಕೆಲವರು ನಕ್ಕರು. ಹುಡುಗಿ ನಗಲಿಲ್ಲ. ಮೈಕು ಹಿಡಿದು ನಮ್ಮ ಸಾಲಿಗೇ ಬಂದಳು. “ಸರಿಯಾಗಿ ಹೇಳಿದ್ರಿ ಅಜ್ಜಿ. ನಿಮಗೆ ಹೇಗೆ ಗೊತ್ತು?”

ಅತ್ತೆ ಮಂಜುಗಣ್ಣುಗಳನ್ನು ಅವಳ ದನಿಯ ಕಡೆ ತಿರುಗಿಸಿದರು. ಒಂದು ಬೆಳಗ್ಗೆ ತೋಟದಲ್ಲಿ ಒಬ್ಬರೇ ಸೋಗೆ ಆಯುತ್ತಿದ್ದರಂತೆ. ಮೇಲೆ ಕೋತಿಗಳು ಹೀಗೇ ಕೂಗಿದವಂತೆ.

“ನನ್ನೇ ಅಣಕಿಸ್ತಾವೆ ಅಂತ ಕಲ್ಲು ತಗಂಡೆ. ನೋಡಿದ್ರೆ ಒಂದೂ ನನ್ ಕಡೆ ನೋಡ್ತಿಲ್ಲ. ಎಲ್ಲವೂ ಬದದ ಕಡೀಕೆ ಮುಖ ಮಾಡವೆ. ನಾನೂ ನೋಡ್ದೆ. ಹುಲ್ಲಾಗೆ ಕುಂತಿತ್ತು ಕಣವ್ವ, ಕಿವಿ ಮಾತ್ರ ಕಾಣ್ತಿತ್ತು. ಕಲ್ಲು ಹಂಗೇ ಕೈಯಾಗಿತ್ತು. ಹಿಂದ್‌ಹಿಂದಕ್ಕೆ ಹೆಜ್ಜೆ ಇಟ್ಕಂಡು ಪಂಪ್‌ಹೌಸ್ ಸೇರ್ಕಂಡು ಬಾಗಿಲು ಹಾಕ್ಕಂಡೆ.”

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನನಗೆ ಇದು ತಿಳಿದಿರಲಿಲ್ಲ.

“ಆಮೇಲೆ ಕಲ್ಲು ಹೊಡೆಯೋದು ಬಿಟ್ರಾ?” ಹುಡುಗಿ ಕೇಳಿದಳು.

“ಇಲ್ಲ. ಕಾಯಿ ಉಳೀಬೇಕಲ್ಲ? ಆದ್ರೆ ತಾಕೋ ಹಂಗೆ ಹೊಡಿಯಲ್ಲ.”

ಈ ಸಲ ಎಲ್ಲರೂ ನಕ್ಕರು, ಅತ್ತೆಯೂ. ಅವರ ಹಳ್ಳಿ ಮಾತನ್ನು ಆ ಹುಡುಗಿ ಅಷ್ಟೂ ಬರೆದುಕೊಂಡಳು. ಊಟಕ್ಕೆ ಪಕ್ಕದಲ್ಲೇ ಕೂತು, ಎಲೆಯಲ್ಲಿ ಯಾವುದು ಎಲ್ಲಿದೆ ಎಂದು ಕೈಮುಟ್ಟಿಸಿ ತೋರಿಸಿದಳು.

“ಮನೇಲಿ ಯಾಕೆ ಹೇಳ್ಲಿಲ್ಲ?” ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದೆ.

“ಹೇಳಿದ್ರೆ ತ್ವಾಟಕ್ಕೆ ಹೋಗ್‌ಬ್ಯಾಡ ಅಂತಿದ್ರಿ.”

ಮರುದಿನ ಭಾನುವಾರ. ಅತ್ತೆಯ ಜೊತೆ ನಾನೂ ತೋಟಕ್ಕೆ ಹೋಗಿ ಕೂತೆ. ಇಷ್ಟು ದಿನ ಬರೀ ಗಲಾಟೆ ಎಂದುಕೊಂಡಿದ್ದ ಒಂದೊಂದು ಸದ್ದನ್ನೂ ಅವರು ಬಿಡಿಸಿ ಹೇಳಿದರು. ಇದು ನಾಯಿ ಕಂಡಾಗ, ಇದು ಮರಿ ತಾಯನ್ನು ಕರೆಯುವಾಗ. ಅಷ್ಟರಲ್ಲಿ ತೆಂಗಿನ ಗರಿಗಳ ಮರೆಯಿಂದ ಮೆತ್ತಗೆ ಗೊಣಗಿದಂಥ ಸದ್ದು ಬಂತು.

“ಇದು?”

“ಇದು ಸುಮ್ನೆ.”

“ಸುಮ್ನೆ ಅಂದ್ರೆ?”

“ಸುಮ್ನೆ ಅಂದ್ರೆ ಸುಮ್ನೆ ಕಣೇ. ಈಗ ನಾವ್ ಮಾತಾಡ್ತಿಲ್ವಾ, ಹಂಗೆ.”