ನೂರಿಪ್ಪತ್ತು, ಎಂಬತ್ತು

ಬೇಸಿಗೆ ರಜೆ ಬಂತೆಂದರೆ ಸಿಸ್ಟರ್‌ಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಬೇರೆ ಮಕ್ಕಳೆಲ್ಲ ಬೀದಿಯಲ್ಲಿ ಆಡಿಕೊಂಡಿರುವ ಹೊತ್ತಿನಲ್ಲಿ, ತೊಂಬತ್ತೈದಕ್ಕಿಂತ ಕಡಿಮೆ ಅಂಕವನ್ನು ಕಣ್ಣಿಂದಲೂ ಕಾಣದ ಇಪ್ಪತ್ನಾಲ್ಕು ಹೈಸ್ಕೂಲು ಮಕ್ಕಳನ್ನು ಆರಿಸಿ ತಂದು, ಮೆಡಿಕಲ್ ಕಾಲೇಜಿನ ಮೂರನೇ ಮಹಡಿಯಲ್ಲಿ ಆಕೆಯ ಕೈಗೆ ಒಪ್ಪಿಸಿಬಿಡುತ್ತಿದ್ದರು. ಎರಡು ವಾರದ ವೈದ್ಯವಿಜ್ಞಾನ ಶಿಬಿರ. ಡಾಕ್ಟರರು ಬಂದು ಗಂಟೆ ಭಾಷಣ ಮಾಡಿ ಹೋಗುವರು. ಮಕ್ಕಳ ಕೈಗೆ ಕೆಲಸ ಕಲಿಸುವ ಕರ್ಮ ಮಾತ್ರ ಸಿಸ್ಟರ್‌ದು.

ಇಪ್ಪತ್ತಾರು ವರ್ಷ ವಾರ್ಡುಗಳಲ್ಲಿ ನಿಂತು ನಿಂತು ಮಂಡಿ ಸವೆದ ಮೇಲೆ ಆಕೆಯನ್ನು ಈ ಅಭ್ಯಾಸದ ಕೋಣೆಗೆ ಹಾಕಿದ್ದರು. ಆರು ಮಂಚ, ಅವುಗಳ ಮೇಲೆ ಆರು ರಬ್ಬರ್ ರೋಗಿಗಳು, ಮೂಲೆಯಲ್ಲಿ ಕೈತೊಳೆಯುವ ತೊಟ್ಟಿ, ಗೋಡೆಗೊಂದು ಕಪಾಟು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಮಾತಿಗೊಮ್ಮೆ "ಉಸ್ಸಪ್ಪಾ" ಎನ್ನುತ್ತಿದ್ದುದರಿಂದ ಹುಡುಗರು ಬೆನ್ನ ಹಿಂದೆ ಉಸ್ಸಪ್ಪ ಸಿಸ್ಟರ್ ಎನ್ನುತ್ತಿದ್ದರು. ಅದು ಆಕೆಗೂ ಗೊತ್ತಿತ್ತು.

ಮನೆಯಲ್ಲಿ ಬಟ್ಟೆ ಹೊಲಿಯುವ ತಂಗಿ ಪ್ರತಿವರ್ಷವೂ ಅದೇ ರಾಗ ತೆಗೆಯುತ್ತಿದ್ದಳು. "ಈ ಸಲ ನನ್ನ ಕೈಲಾಗಲ್ಲ ಅಂತ ಹೇಳಿಬಿಡಕ್ಕಾ. ದಿನಾ ಬಂದು ನನ್ನ ಮೇಲೆ ಹಾರಾಡೋದು ತಪ್ಪುತ್ತೆ."

"ಹೇಳಿದ್ರೆ ಆ ಹೊಸ ನರ್ಸ್ ಹುಡುಗಿ ಕೈಗೆ ಕೊಡ್ತಾರೆ. ಅವಳು ಒಬ್ಬರನ್ನೂ ನೋಡದೆ ಎಲ್ಲರಿಗೂ ಪಾಸು ಅಂತ ಗೀಚಿ ನಾಲ್ಕು ಗಂಟೆಗೇ ಮನೆ ಸೇರ್ತಾಳೆ. ಕಣ್ಣಾರೆ ನೋಡದೆ ನಾನು ಸೈನು ಹಾಕಿದ್ದುಂಟಾ?"

ಮಕ್ಕಳೇನು ದಡ್ಡರಲ್ಲ. ಆ ಬುದ್ಧಿವಂತಿಕೆಯೇ ತಲೆನೋವು. ಬಿಪಿ ನೋಡುವ ಪಟ್ಟಿಯನ್ನು ತೋಳಿಗೆ ಎಲ್ಲಿ ಸುತ್ತಬೇಕು ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಒಬ್ಬ ಹೃದಯದ ಕವಾಟಗಳ ಗಿಳಿಪಾಠ ಒಪ್ಪಿಸುತ್ತಿದ್ದ. "ಇದಕ್ಕೆ ಎಷ್ಟು ಮಾರ್ಕ್ಸು, ಸಿಸ್ಟರ್?" ಎಂದು ಇನ್ನೊಬ್ಬಳು. ಪಟ್ಟಿಯನ್ನು ಮಾತ್ರ ಇಬ್ಬರೂ ತಲೆಕೆಳಗಾಗಿ ಸುತ್ತುತ್ತಿದ್ದರು. ಮೂರು ದಿನ ರಬ್ಬರ್ ಕೈಯ ಮೇಲೆ ಬಿಪಿ ನೋಡುವ ಅಭ್ಯಾಸ ನಡೆಯಿತು. ಅದರೊಳಗಿನ ಯಂತ್ರ ಯಾವಾಗ ಒತ್ತಿದರೂ ನೂರಿಪ್ಪತ್ತು, ಎಂಬತ್ತಕ್ಕೇ ಟಪ್ ಟಪ್ ಎನ್ನುತ್ತಿತ್ತು.

ಗುರುವಾರ ಜೀವಂತ ಕೈಯ ಮೇಲೆ ಪರೀಕ್ಷೆ. ಪಾಸಾದವರಿಗೆ ಮರುದಿನ ಗಾಜಿನ ಆಚೆಯಿಂದ ನಿಜವಾದ ಆಪರೇಷನ್ ನೋಡುವ ಅವಕಾಶ. ಫೇಲಾದವರು ಲೈಬ್ರರಿಯಲ್ಲಿ ಕೂರಬೇಕು. ಕೈ ಕೊಡುತ್ತಿದ್ದವನು ಕೋಣೆಯ ಅಟೆಂಡರ್. ವರ್ಷಕ್ಕೆ ನೂರಾರು ಮಕ್ಕಳಿಗೆ ತೋಳು ಚಾಚಿ ಚಾಚಿ ಅವನಿಗೆ ದೊಡ್ಡತೋಳು ಎಂದೇ ಹೆಸರಾಗಿತ್ತು. ಕುರ್ಚಿಯಲ್ಲಿ ಒರಗಿ, ತೋಳನ್ನು ಮೇಜಿನ ಮೇಲೆ ಇಟ್ಟು, ನಿದ್ದೆ ಹೊಡೆಯುತ್ತಿದ್ದ.

ಮಂಡಿ ಹಿಡಿದುಕೊಂಡಿದ್ದರಿಂದ ಸಿಸ್ಟರ್ ಕೂತಲ್ಲಿಂದಲೇ ಪರೀಕ್ಷೆ ನಡೆಸಿದಳು. ಮೊದಲನೆಯವನು ಸ್ಟೆತಾಸ್ಕೋಪ್ ಕಿವಿಗೆ ಸಿಕ್ಕಿಸಿ, ಗಾಳಿ ತುಂಬಿ, ಬಿಟ್ಟು, "ನೂರಿಪ್ಪತ್ತು, ಎಂಬತ್ತು" ಎಂದ. ಎರಡನೆಯವಳೂ ಅದನ್ನೇ ಹೇಳಿದಳು. ಆರನೆಯವನು ನೂರಹದಿನೆಂಟು ಎಂದಾಗ, ಪರವಾಗಿಲ್ಲ, ಇವನ ಕಿವಿ ಸೂಕ್ಷ್ಮ ಎಂದುಕೊಂಡಳು. ಹದಿನೇಳನೆಯ ಸರದಿ ಕನ್ನಡಕದ ಹುಡುಗಿಯದು. ಶಿಬಿರದಲ್ಲಿ ಮಾತು ಕಡಿಮೆ ಇದ್ದವಳು ಅವಳೊಬ್ಬಳೇ. ಎರಡು ಸಲ ಗಾಳಿ ತುಂಬಿದಳು, ಎರಡು ಸಲ ಬಿಟ್ಟಳು.

"ನಂಗೇನೂ ಕೇಳಿಸ್ತಿಲ್ಲ, ಸಿಸ್ಟರ್."

"ಕಿವಿ ಕೊಟ್ಟು ಕೇಳು."

"ಕೊಟ್ಟಿದೀನಿ. ಕೇಳಿಸ್ತಿಲ್ಲ."

"ಉಸ್ಸಪ್ಪಾ! ಹದಿನಾರು ಜನಕ್ಕೆ ಕೇಳಿಸಿದ್ದು ನಿನಗೊಬ್ಬಳಿಗೆ ಕೇಳಿಸಲ್ಲ ಅಂದ್ರೆ ಏನಮ್ಮಾ ಅರ್ಥ? ಹೋಗಿ ಹಿಂದೆ ನಿಂತ್ಕೋ. ಎಲ್ಲರದ್ದೂ ಆದ್ಮೇಲೆ ಇನ್ನೊಂದು ಸಲ ನೋಡು. ಆಗ್ಲೂ ಆಗಲ್ಲ ಅಂದ್ರೆ ನಾಳೆ ಲೈಬ್ರರಿ."

ಹಿಂದೆ ಯಾರೋ ಕಿಸಕ್ಕೆಂದರು. ಹುಡುಗಿ ಗೋಡೆಗೆ ಬೆನ್ನು ಹಚ್ಚಿ ನಿಂತಳು. ಉಳಿದ ಏಳು ಜನ ಬಂದು ಅದೇ ನೂರಿಪ್ಪತ್ತು, ಎಂಬತ್ತು ಹೇಳಿ ಹೋಗುವುದನ್ನು ನೋಡುತ್ತಿದ್ದಳು. ತಿರುಗಿ ಬಂದಾಗ ಅವಳಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

"ನೂರಿಪ್ಪತ್ತು, ಎಂಬತ್ತು, ಸಿಸ್ಟರ್."

"ನೋಡಿದ್ಯಾ? ಮನಸ್ಸಿಟ್ಟರೆ ಎಲ್ಲಾ ಬರುತ್ತೆ" ಎಂದು ಸಿಸ್ಟರ್ ಖುಷಿಯಿಂದಲೇ ಪಾಸು ಬರೆದು ಸೈನು ಹಾಕಿದಳು.

ಮಕ್ಕಳು ಕೆಳಗಿಳಿದು ಹೋದ ಮೇಲೆ ದೊಡ್ಡತೋಳು ಮೈಮುರಿದು ಎದ್ದ. "ಅಕ್ಕಾ, ನಾನು ಇವತ್ತಿಂದ ಬಿಪಿ ಮಾತ್ರೆ ಬಿಟ್ಟುಬಿಡ್ತೀನಿ."

"ಯಾಕಯ್ಯಾ? ಏನಾಯ್ತು ನಿನಗೆ?"

"ಇಪ್ಪತ್ನಾಲ್ಕು ಜನ ನೋಡಿ ಸರಿಯಾಗಿದೆ ಅಂದ್ರಲ್ಲ. ಇನ್ನೆಷ್ಟು ಜನ ಹೇಳ್ಬೇಕು?"

"ಬಾಯ್ಮುಚ್ಚಿಕೊಂಡು ಕೂತ್ಕೋ" ಎಂದು ಸಿಸ್ಟರ್ ಮಕ್ಕಳೆಲ್ಲ ಬಳಸಿ ಮೇಜಿನ ಮೇಲೆ ಬಿಟ್ಟಿದ್ದ ಸ್ಟೆತಾಸ್ಕೋಪನ್ನೇ ತೆಗೆದು ಕಿವಿಗೆ ಸಿಕ್ಕಿಸಿದಳು. ಗಾಳಿ ತುಂಬಿ ಬಿಟ್ಟಳು. ಮುಳ್ಳು ಇಳಿಯಿತು, ಸದ್ದಿಲ್ಲ. ಕೊಳವೆಯ ತುದಿಯ ಬಿಲ್ಲೆಯ ಮೇಲೆ ಬೆರಳಿನಿಂದ ಬಡಿದಳು. ಅದೂ ಕೇಳಿಸಲಿಲ್ಲ. ಬಿಲ್ಲೆಯನ್ನು ಕೊಳವೆಯಿಂದ ಕಿತ್ತು ನೋಡಿದರೆ ಒಳಗೆ ಬಿಗಿಯಾಗಿ ಕೂತಿತ್ತು, ಬಟಾಣಿ ಗಾತ್ರದ ಹತ್ತಿಯುಂಡೆ.

ಅದನ್ನು ತುರುಕಿದವಳು ಆಕೆಯೇ. ಹಿಂದಿನ ವಾರ, ಪರೀಕ್ಷೆಗೆಂದೇ ಎತ್ತಿಟ್ಟಿದ್ದ ಈ ಸ್ಟೆತಾಸ್ಕೋಪನ್ನು ತೊಳೆಯುವಾಗ ಕೊಳವೆಯೊಳಗೆ ನೀರು ಹೋಗದಿರಲೆಂದು ಹತ್ತಿ ಇಟ್ಟಿದ್ದಳು, ತೆಗೆಯಲು ಮರೆತಿದ್ದಳು. ಅಷ್ಟೇ ಅಲ್ಲ, ಬೆಳಿಗ್ಗೆ ಸಾಮಾನಿನ ಪಟ್ಟಿಯಲ್ಲಿ 'ಪರೀಕ್ಷಿಸಿದೆ, ಸರಿಯಾಗಿದೆ' ಎಂದು ಬರೆದು ಸೈನನ್ನೂ ಹಾಕಿದ್ದಳು, ಒಮ್ಮೆಯೂ ಕಿವಿಗಿಡದೆ.

ಕಪಾಟಿನಿಂದ ತನ್ನ ಸ್ವಂತದ್ದನ್ನು ತಂದು ದೊಡ್ಡತೋಳಿನ ಬಿಪಿ ನೋಡಿದಳು. ನೂರೈವತ್ತಾರು, ತೊಂಬತ್ತೆಂಟು.

"ಮಾತ್ರೆ ಬಿಟ್ಟರೆ ಕೈಕಾಲು ಮುರೀತೀನಿ. ಸಂಜೆ ಡಾಕ್ಟರ ಹತ್ರ ನಾನೇ ಕರ್ಕೊಂಡು ಹೋಗ್ತೀನಿ" ಎಂದು ಅವನನ್ನು ಗದರಿ, ಇಪ್ಪತ್ನಾಲ್ಕು ಹಾಳೆಗಳನ್ನು ಬಾಚಿಕೊಂಡು, ಮಂಡಿಯನ್ನು ಶಪಿಸುತ್ತ ಎರಡು ಮಹಡಿ ಇಳಿದಳು. ಇವರು ನಾಳೆ ಡಾಕ್ಟರಾಗುವವರು! ಕೇಳಿಸದಿದ್ದರೆ ಕೇಳಿಸಲಿಲ್ಲ ಎನ್ನಲು ಏನು ರೋಗ? ಬೈಯುತ್ತ ಹೋದಂತೆ, ಹಾಗೆ ಹೇಳಿದವಳೊಬ್ಬಳಿದ್ದಳು, ಅವಳನ್ನು ತಾನೇ ಗೋಡೆಗೆ ನಿಲ್ಲಿಸಿದ್ದೆ ಎಂಬುದು ಕಾಲಿಗೆ ನೆಟ್ಟ ಮುಳ್ಳಿನಂತೆ ಚುಚ್ಚುತ್ತಿತ್ತು.

ಶಿಬಿರದ ಮುಖ್ಯಸ್ಥರು ಎಲ್ಲವನ್ನೂ ಕೇಳಿ ಕನ್ನಡಕ ಒರೆಸಿಕೊಂಡರು. "ಎಲ್ರೂ ಪಾಸು ತಾನೆ, ಸಿಸ್ಟರ್? ಮತ್ತೆ ಯಾಕೆ ಕೆದಕ್ತೀರಿ? ನಾಳೆ ತಂದೆತಾಯಿಗಳೆಲ್ಲ ಬರ್ತಾರೆ."

"ಯಾರೂ ಪಾಸಾಗಿಲ್ಲ ಸಾರ್. ನಾನೂ ಆಗಿಲ್ಲ" ಎಂದು ಹಾಳೆಗಳನ್ನು ಅವರ ಮೇಜಿನ ಮೇಲೆ ಕುಕ್ಕಿದಳು. "ನನ್ನ ಸೈನು ವಾಪಸ್ ತಗೊಂಡಿದೀನಿ. ಸಂಜೆ ಒಬ್ಬೊಬ್ಬರನ್ನೂ ಮತ್ತೆ ಕೂರಿಸ್ತೀನಿ. ಒಬ್ಬ ಹುಡುಗಿಯನ್ನು ಬಿಟ್ಟು."

ಹೊರಗಿನ ಪಡಸಾಲೆಯಲ್ಲಿ ಮರುದಿನದ ಆಪರೇಷನ್ನಿಗೆಂದು ಹಸಿರು ಗೌನು ಹಂಚುತ್ತಿದ್ದರು. ಮಕ್ಕಳು ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಕನ್ನಡಕದ ಹುಡುಗಿ ಮಡಿಕೆ ಬಿಚ್ಚದ ಗೌನನ್ನು ಎದೆಗೆ ಅವಚಿಕೊಂಡು ಕಿಟಕಿಯ ಹತ್ತಿರ ನಿಂತಿದ್ದಳು. ಸಿಸ್ಟರ್ ಬರುವುದನ್ನು ಕಂಡದ್ದೇ ಅವಳ ಮುಖ ಬಿಳಿಚಿಕೊಂಡಿತು.

"ನಿಜ ಹೇಳಮ್ಮಾ. ಎರಡನೇ ಸಲ ನಿನಗೆ ಕೇಳಿಸ್ತಾ?"

"ಕೇಳಿಸ್ತು, ಸಿಸ್ಟರ್."

"ನಾನು ಬೈಯಲ್ಲ. ಕೇಳಿಸ್ತಾ?"

"ಚೆನ್ನಾಗಿ ಕೇಳಿಸ್ತು. ನೀವು ಹೇಳಿದ ಹಾಗೆ ಮನಸ್ಸಿಟ್ಟೆ."

ಸಿಸ್ಟರ್ ಮುಷ್ಟಿ ಬಿಚ್ಚಿ ಹತ್ತಿಯುಂಡೆ ತೋರಿಸಿದಳು. "ಇದು ಕೊಳವೆಯೊಳಗಿತ್ತು. ಇಟ್ಟವಳು ನಾನೇ. ಯಾರಿಗೂ ಏನೂ ಕೇಳಿಸೋ ಹಾಗೇ ಇರ್ಲಿಲ್ಲ. ಮೊದಲನೇ ಸಲ ನೀನು ಹೇಳಿದ್ಯಲ್ಲ, ಅದೊಂದೇ ಸರಿ ಇದ್ದಿದ್ದು. ತಪ್ಪು ನನ್ನದು, ತಾಯಿ."

ಹುಡುಗಿ ಹತ್ತಿಯನ್ನು ನೋಡಿದಳು. ಫೋಟೋ ತೆಗೆಸಿಕೊಳ್ಳುತ್ತಿದ್ದವರ ಕಡೆ ನೋಡಿದಳು. ಗೌನನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು, ಯಾರಿಗೂ ಕೇಳದಂತೆ ದನಿ ತಗ್ಗಿಸಿದಳು.

"ಈಗ ನಾನು ಏನಂತ ಹೇಳಿದ್ರೆ ನಾಳೆ ಒಳಗೆ ಬಿಡ್ತೀರಿ, ಸಿಸ್ಟರ್? ಅದನ್ನೇ ಹೇಳ್ತೀನಿ."

ಇಪ್ಪತ್ತಾರು ವರ್ಷ ವಾರ್ಡುಗಳನ್ನೇ ನಡುಗಿಸಿದ ಬಾಯಿ ಸಿಸ್ಟರ್‌ದು. ಈ ಪ್ರಶ್ನೆಯನ್ನು ಕಲಿಸಿದ್ದೂ ಅದೇ ಬಾಯಿ ಎಂದು ಆಕೆಗೆ ಗೊತ್ತಿತ್ತು.